ಕರುಳಿಗೆ ರಕ್ತ ನಿಂತ ಹೊತ್ತು

ಹೃದಯಕ್ಕೆ ಆಘಾತ, ಮಿದುಳಿಗೆ ಪಾರ್ಶ್ವವಾಯು: ಇವೆರಡನ್ನೂ ನಾವು ಬಲ್ಲೆವು. ಅದೇ ಬಗೆಯ ರಕ್ತಹೆಪ್ಪು ಕರುಳಿನ ನಾಳಕ್ಕೂ ಬಂದು ಕೂರುತ್ತದೆ. ಗುರುತಿಸಲು ಸಿಗುವುದು ಕೆಲವೇ ಗಂಟೆ.

ರೋಗಿ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಹೊರಳಾಡುತ್ತಾರೆ. ವೈದ್ಯರು ಕೈಯಿಟ್ಟು ಒತ್ತಿ ನೋಡಿದರೆ ಹೊಟ್ಟೆ ಮೆತ್ತಗಿದೆ. ಬಿಗಿತವಿಲ್ಲ, ಉಬ್ಬರವಿಲ್ಲ, ಇಂಥ ಜಾಗದಲ್ಲೇ ನೋವು ಎಂದು ತೋರಿಸುವಂತೆಯೂ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣದು. ಅಲ್ಟ್ರಾಸೌಂಡ್ ಮಾಡಿದವರು ಗ್ಯಾಸ್ ತುಂಬಿದೆ, ಮಿಕ್ಕದ್ದೆಲ್ಲ ಸರಿಯಿದೆ ಎಂದು ಬರೆದುಕೊಡುತ್ತಾರೆ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಆಯಿತು, ನೋವಿನ ಇಂಜೆಕ್ಷನ್ ಆಯಿತು, ಡ್ರಿಪ್ಪೂ ಹರಿಯುತ್ತಿದೆ. ನೋವು ಮಾತ್ರ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ರೋಗಿ ಹೇಳುವ ನೋವಿಗೂ ವೈದ್ಯರ ಕೈಗೆ ಸಿಗುವ ಹೊಟ್ಟೆಗೂ ತಾಳೆಯಾಗದ ಈ ಸ್ಥಿತಿಯನ್ನು ಕಂಡ ಅನುಭವಿ ಸರ್ಜನ್‌ಗಳು ಬೆಚ್ಚುತ್ತಾರೆ. ಕರುಳಿಗೆ ರಕ್ತ ಒಯ್ಯುವ ನಾಳ ಮುಚ್ಚಿಹೋಗಿರಬಹುದು ಎಂಬುದು ಅವರ ಮೊದಲ ಗುಮಾನಿ. ವೈದ್ಯರು ಇದನ್ನು 'ಅಕ್ಯೂಟ್ ಮೆಸೆಂಟೆರಿಕ್ ಇಸ್ಕೀಮಿಯಾ' ಎನ್ನುತ್ತಾರೆ. ಪರೀಕ್ಷೆಯಲ್ಲಿ ಕಾಣುವುದಕ್ಕೆ ಹೊಂದದಷ್ಟು ತೀವ್ರವಾದ ಹೊಟ್ಟೆನೋವು ಇದ್ದರೆ, ಅಲ್ಲವೆಂದು ಸಾಬೀತಾಗುವವರೆಗೂ ಅದನ್ನು ಈ ಕಾಯಿಲೆಯೆಂದೇ ಭಾವಿಸಿ ಮುಂದುವರಿಯಬೇಕು ಎಂದು ವಿಶ್ವ ತುರ್ತು ಶಸ್ತ್ರಚಿಕಿತ್ಸಾ ಸಂಘದ ಮಾರ್ಗಸೂಚಿ ಹೇಳುತ್ತದೆ. 2017ರಲ್ಲಿ ಬಂದು 2022ರಲ್ಲಿ ಪರಿಷ್ಕೃತವಾದ ಆ ಮಾರ್ಗಸೂಚಿಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ರೋಗನಿರ್ಣಯ ಆರು ಗಂಟೆ ತಡವಾದಂತೆಲ್ಲ ಸಾವಿನ ಪ್ರಮಾಣ ಇಮ್ಮಡಿಯಾಗುತ್ತದೆ.

ಇದು ಅಪರೂಪದ ಕಾಯಿಲೆ. ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತುರ್ತಾಗಿ ದಾಖಲಾಗುವ ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಇದು ಇರುತ್ತದೆ. ಆದರೆ ವಯಸ್ಸು ಏರಿದಂತೆ ಲೆಕ್ಕ ಬದಲಾಗುತ್ತದೆ. ಫಿನ್ಲೆಂಡಿನ ಅಧ್ಯಯನವೊಂದರಲ್ಲಿ 75 ದಾಟಿದವರ ತುರ್ತು ಹೊಟ್ಟೆನೋವಿಗೆ ಅಪೆಂಡಿಕ್ಸ್ ಉರಿಯೂತಕ್ಕಿಂತ ಹೆಚ್ಚಾಗಿ ಕರುಳಿನ ರಕ್ತಕೊರತೆಯೇ ಕಾರಣವಾಗಿತ್ತು. ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಾಯಿಲೆ ಖಚಿತವಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಹೃದಯಾಘಾತದ ಚಿಕಿತ್ಸೆ ಇಷ್ಟು ಮುಂದುವರಿದ ಕಾಲದಲ್ಲಿ, ಹೆಚ್ಚಾಗಿ ಅದೇ ಹೃದಯದಿಂದ ಹೊರಟ ಹೆಪ್ಪು ಕರುಳಿಗೆ ಹೋದರೆ ಉಳಿಯುವ ಅವಕಾಶ ಅರ್ಧಕ್ಕರ್ಧ ಎಂಬುದನ್ನು ಒಪ್ಪಿಕೊಂಡು ಸುಮ್ಮನಿರಲಾಗದು.

ಆರು ಮೀಟರ್ ಕರುಳು, ಒಂದೇ ಮುಖ್ಯ ನಾಳ

ಸಣ್ಣಕರುಳಿನ ಉದ್ದ ಸುಮಾರು ಆರು ಮೀಟರ್. ಅಷ್ಟುದ್ದಕ್ಕೂ, ಜೊತೆಗೆ ದೊಡ್ಡಕರುಳಿನ ಮೊದಲ ಅರ್ಧಕ್ಕೂ ರಕ್ತ ಕೊಡುವುದು 'ಸುಪೀರಿಯರ್ ಮೆಸೆಂಟೆರಿಕ್' ಎಂಬ ಒಂದೇ ಅಪಧಮನಿ. ಹೃದಯದಿಂದ ಕೆಳಗಿಳಿಯುವ ಮಹಾಧಮನಿಯಿಂದ ಹೊಟ್ಟೆಯ ಭಾಗದಲ್ಲಿ ಮೂರು ಕವಲು ಮುಂದಕ್ಕೆ ಹೊರಡುತ್ತವೆ. ಮೇಲಿನದು ಜಠರ, ಯಕೃತ್ತು, ಗುಲ್ಮಗಳಿಗೆ; ಕೆಳಗಿನದು ದೊಡ್ಡಕರುಳಿನ ಕೊನೆಯ ಭಾಗಕ್ಕೆ; ನಡುವಿನದು ಇದು. ನಾವು ಸುಮ್ಮನೆ ಕುಳಿತಿರುವಾಗಲೂ ಹೃದಯ ಹೊರದೂಡುವ ರಕ್ತದ ಐದನೇ ಒಂದು ಭಾಗ ಜೀರ್ಣಾಂಗಗಳ ಕಡೆಗೆ ಹೋಗುತ್ತದೆ. ಊಟದ ನಂತರ ಆ ಪಾಲು ಇನ್ನೂ ಹೆಚ್ಚು.

ನೀರಾವರಿ ಬಲ್ಲವರಿಗೆ ಈ ನಾಳದ ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ಮುಖ್ಯ ಕಾಲುವೆಯಿಂದ ಮೊದಲ ಎರಡು ತೂಬು ದಾಟಿದ ಮೇಲೆ ಮರದ ದಿಮ್ಮಿಯೊಂದು ಅಡ್ಡ ಸಿಕ್ಕಿಕೊಂಡರೆ ಮೇಲಿನ ಗದ್ದೆಗಳಿಗೆ ನೀರು ಹರಿಯುತ್ತಲೇ ಇರುತ್ತದೆ, ಕೆಳಗಿನ ಬಯಲು ಪೂರ್ತಿ ಒಣಗುತ್ತದೆ. ಹೃದಯದಿಂದ ತೇಲಿಬಂದ ಹೆಪ್ಪು ನಿಲ್ಲುವುದು ಹಾಗೆಯೇ. ನಾಳದ ಬಾಯಿಯಲ್ಲಿ ಅದು ಕೂರುವುದು ಕಡಿಮೆ. ಕೆಲವು ಸೆಂಟಿಮೀಟರ್ ಮುಂದೆ, ಕವಲೊಡೆದು ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣಕರುಳಿನ ಮೊದಲ ತುಸು ಭಾಗ ಬದುಕಿರುತ್ತದೆ, ಅಲ್ಲಿಂದಾಚೆ ಕಂಗಾಲಾಗುತ್ತದೆ. ಹೊಟ್ಟೆ ತೆರೆದ ಸರ್ಜನ್ ಈ ಗಡಿಯನ್ನು ನೋಡಿಯೇ ಇದು ತೇಲಿಬಂದ ಹೆಪ್ಪು ಎಂದು ಊಹಿಸಬಲ್ಲರು.

ರಕ್ತ ನಿಂತಾಗ ಮೊದಲು ನರಳುವುದು ಕರುಳಿನ ಒಳಪದರ. ಆಹಾರ ಹೀರುವ ಸೂಕ್ಷ್ಮ ಎಳೆಗಳ ತುದಿಗಳಿಗೆ ಮಾಮೂಲು ದಿನಗಳಲ್ಲೇ ಆಮ್ಲಜನಕ ತಲುಪುವುದು ಕಡಿಮೆ. ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಅವು ಕಳಚಿ ಬೀಳತೊಡಗುತ್ತವೆ. ಕರುಳಿನ ಸ್ನಾಯು ಹಸಿದು ಬಲವಾಗಿ ಹಿಂಡಿಕೊಳ್ಳುವುದರಿಂದ ನೋವು ಭಯಂಕರವಾಗಿರುತ್ತದೆ, ವಾಂತಿಯಾಗುತ್ತದೆ, ಭೇದಿಯೂ ಆಗಬಹುದು. ಆದರೆ ಹೊಟ್ಟೆಯ ಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ ಪೊರೆಗೆ ಇನ್ನೂ ಉರಿ ತಾಗಿರುವುದಿಲ್ಲ. ಹೊಟ್ಟೆ ಗಟ್ಟಿಯಾಗುವುದು ಆ ಪೊರೆ ಕೆರಳಿದಾಗ. ಮೊದಲ ಗಂಟೆಗಳಲ್ಲಿ ಹೊಟ್ಟೆ ಮೆತ್ತಗಿರುವುದಕ್ಕೆ ಕಾರಣ ಇಷ್ಟೇ: ಒಳಪದರ ಸಾಯುತ್ತಿದೆ, ಹೊರಪದರ ಇನ್ನೂ ತಡೆದುಕೊಂಡಿದೆ.

ಆರರಿಂದ ಹನ್ನೆರಡು ಗಂಟೆಯೊಳಗೆ ಕರುಳಿನ ಗೋಡೆ ಪೂರ್ತಿ ದಪ್ಪಕ್ಕೂ ಸಾಯಬಹುದು. ಇಲ್ಲೊಂದು ಮೋಸದ ಘಟ್ಟವಿದೆ. ನರಗಳೂ ಸತ್ತು ನೋವು ಒಂದಿಷ್ಟು ಕಡಿಮೆಯಾದಂತೆ ಅನಿಸುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ಇಂಜೆಕ್ಷನ್ ಕೆಲಸ ಮಾಡಿತು ಎಂದುಕೊಳ್ಳುತ್ತಾರೆ. ಆಮೇಲೆ ಹೊಟ್ಟೆ ಉಬ್ಬುತ್ತದೆ, ಮಲದಲ್ಲಿ ರಕ್ತ ಕಾಣಿಸುತ್ತದೆ, ಕರುಳೊಳಗಿನ ಬ್ಯಾಕ್ಟೀರಿಯಾಗಳು ಸತ್ತ ಗೋಡೆ ದಾಟಿ ರಕ್ತಕ್ಕಿಳಿಯುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಆಗ ಯಾರಿಗೂ ಅನುಮಾನ ಉಳಿದಿರುವುದಿಲ್ಲ. ಉಳಿಸಿಕೊಳ್ಳಲು ಕರುಳೂ ಹೆಚ್ಚು ಉಳಿದಿರುವುದಿಲ್ಲ.

ಹೆಪ್ಪು ಬರುವ ದಾರಿಗಳು

ಒಂದೇ ಹೆಸರಿನಡಿ ಇಲ್ಲಿ ನಾಲ್ಕು ಕಾಯಿಲೆಗಳಿವೆ, ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಹೃದಯದಿಂದ ತೇಲಿಬರುವ ಹೆಪ್ಪು. ಹೃದಯದ ಮೇಲ್ಕೋಣೆಗಳು ತಾಳತಪ್ಪಿ ಅದುರುವ 'ಏಟ್ರಿಯಲ್ ಫಿಬ್ರಿಲೇಷನ್' ಇದಕ್ಕೆ ಮೂಲ. ಸರಿಯಾಗಿ ಹಿಂಡದ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅದರ ತುಣುಕು ಮಿದುಳಿಗೆ ಹೋದರೆ ಪಾರ್ಶ್ವವಾಯು, ಕಾಲಿಗೆ ಹೋದರೆ ಗ್ಯಾಂಗ್ರೀನ್, ಕರುಳಿಗೆ ಹೋದರೆ ಈ ಕಾಯಿಲೆ. ಕರುಳಿಗೆ ಹೆಪ್ಪು ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹಿಂದೆಯೂ ದೇಹದ ಇನ್ನೆಲ್ಲೋ ಇಂಥ ತುಣುಕು ಹೋಗಿ ಕೂತ ಚರಿತ್ರೆ ಇರುತ್ತದೆ. ಹೊಟ್ಟೆನೋವಿನ ರೋಗಿಯ ಬಳಿ 'ಮುಂಚೆ ಯಾವಾಗಲಾದರೂ ಕೈಕಾಲು ಬಿದ್ದುಹೋಗಿತ್ತೇ?' ಎಂದು ಕೇಳುವುದು ಅಸಂಬದ್ಧ ಪ್ರಶ್ನೆಯೇ ಅಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಈ ತಾಳತಪ್ಪಿದ ಹೃದಯ ಬಹುಪಾಲು ಮುಪ್ಪಿನ ಕಾಯಿಲೆ. ನಮ್ಮಲ್ಲಿ ಹಾಗಿಲ್ಲ. ಬಾಲ್ಯದಲ್ಲಿ ಗಂಟಲುನೋವಾಗಿ, ಅದರಿಂದ ಕೀಲುವಾತದ ಜ್ವರ ಬಂದು, ಹೃದಯದ ಮೈಟ್ರಲ್ ಕವಾಟ ಕಿರಿದಾದವರು ಮೂವತ್ತು ನಲವತ್ತರ ವಯಸ್ಸಿಗೇ ಈ ಅಪಾಯಕ್ಕೆ ತೆರೆದುಕೊಂಡಿರುತ್ತಾರೆ. ಇವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಲೂನಿನಿಂದ ಮೈಟ್ರಲ್ ಕವಾಟ ಹಿಗ್ಗಿಸಿಕೊಳ್ಳಲು ದಶಕಗಳಿಂದ ಬರುತ್ತಿರುವವರು ಇಂಥವರೇ. ಇವರಿಗೆ ಯಾವ ರಕ್ತ ತೆಳು ಮಾಡುವ ಮಾತ್ರೆ ಒಳ್ಳೆಯದು ಎಂಬ ಪ್ರಶ್ನೆಗೆ 2022ರಲ್ಲಿ ಪ್ರಕಟವಾದ 'ಇನ್ವಿಕ್ಟಸ್' ಅಧ್ಯಯನ ಉತ್ತರ ಕೊಟ್ಟಿತು. ಭಾರತವೂ ಸೇರಿ 24 ದೇಶಗಳ ಸುಮಾರು 4500 ರೋಗಿಗಳ ಮೇಲೆ ನಡೆದ ಆ ಅಧ್ಯಯನದಲ್ಲಿ ಹೊಸ ಕಾಲದ ರಿವಾರೊಕ್ಸಬಾನ್‌ಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಾಗಿತ್ತು. ಹಳೆಯ ಮಾತ್ರೆಗೆ ಒಂದು ಶಿಸ್ತು ಬೇಕು. 'ಐಎನ್‌ಆರ್' ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಹಲ್ಲು ಕೀಳಿಸಬೇಕೆಂದು, ಜಾತ್ರೆಗೆ ಹೋಗಿದ್ದೆವೆಂದು, ಮಾತ್ರೆ ಮುಗಿದು ಪೇಟೆಗೆ ಹೋಗಲಾಗಲಿಲ್ಲವೆಂದು ವಾರಗಟ್ಟಲೆ ನಿಲ್ಲಿಸುವವರಿದ್ದಾರೆ. ಪಾರ್ಶ್ವವಾಯುವಿನ ಭಯವನ್ನು ಅವರಿಗೆ ಯಾರಾದರೂ ಹೇಳಿರುತ್ತಾರೆ. ಕರುಳಿನ ವಿಷಯ ಹೇಳುವವರು ಕಡಿಮೆ.

ಎರಡನೆಯದು, ನಾಳದ ಬಾಯಿಯಲ್ಲೇ ವರ್ಷಾನುಗಟ್ಟಲೆ ಕೊಬ್ಬು ಕಟ್ಟಿ ಕಿರಿದಾಗಿದ್ದಲ್ಲಿ ಒಂದು ದಿನ ಹೆಪ್ಪು ಕೂತು ಪೂರ್ತಿ ಮುಚ್ಚುವುದು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದರ ಒಡನಾಡಿಗಳು. ಈ ರೋಗಿಗಳು ತಿಂಗಳುಗಟ್ಟಲೆ ಮೊದಲೇ ಸೂಚನೆ ಕೊಟ್ಟಿರುತ್ತಾರೆ. ಉಂಡ ಅರ್ಧ ಗಂಟೆಗೆ ಹೊಟ್ಟೆ ಹಿಂಡುತ್ತದೆ, ಒಂದೆರಡು ಗಂಟೆಯಲ್ಲಿ ತಾನೇ ಇಳಿಯುತ್ತದೆ. ಕ್ರಮೇಣ ಉಣ್ಣಲಿಕ್ಕೇ ಹೆದರಿ ತುತ್ತು ಕಡಿಮೆ ಮಾಡುತ್ತಾರೆ, ಮೈ ಇಳಿಯುತ್ತದೆ. ಎಂಡೋಸ್ಕೋಪಿ ಆಗುತ್ತದೆ, ಕ್ಯಾನ್ಸರ್ ಹುಡುಕಾಟವೂ ಆಗುತ್ತದೆ. ಆ ಹಂತದಲ್ಲೇ ನಾಳವನ್ನು ನೋಡಿದರೆ ಸ್ಟೆಂಟ್ ಹಾಕಿ ದುರಂತ ತಪ್ಪಿಸಬಹುದು.

ಮೂರನೆಯದು ಅಭಿಧಮನಿಯ ಹೆಪ್ಪು. ರಕ್ತ ಕರುಳಿಗೆ ಬರುತ್ತದೆ, ವಾಪಸು ಹೋಗುವ ದಾರಿ ಕಟ್ಟಿರುತ್ತದೆ. ನೋವು ಒಮ್ಮೆಲೇ ಬರದೆ ಹಲವು ದಿನ ಏರುತ್ತ ಹೋಗುತ್ತದೆ. ಇದು ನಡುವಯಸ್ಸಿನವರನ್ನೂ ಯುವಕರನ್ನೂ ಹಿಡಿಯುವ ಬಗೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವ ಹುಟ್ಟುಗುಣ, ಮೂಳೆಮಜ್ಜೆಯ ಕೆಲವು ಕಾಯಿಲೆ, ಮೇದೋಜೀರಕದ ಉರಿಯೂತ, ಯಕೃತ್ತಿನ ಸಿರೋಸಿಸ್, ಗರ್ಭನಿರೋಧಕ ಮಾತ್ರೆ ಇದಕ್ಕೆ ದಾರಿ ಮಾಡಿಕೊಡುತ್ತವೆ. ಹಿಮಾಲಯದ ಎತ್ತರದ ಠಾಣೆಗಳಲ್ಲಿ ತಿಂಗಳುಗಟ್ಟಲೆ ಇರುವ ಸೈನಿಕರಲ್ಲಿ ಇಂಥ ಹೆಪ್ಪುಗಳನ್ನು ಸೇನಾ ವೈದ್ಯರು ಬಹುಕಾಲದಿಂದ ದಾಖಲಿಸಿದ್ದಾರೆ. ಕೋವಿಡ್ ಕಾಲದಲ್ಲೂ ಕರುಳಿನ ನಾಳಗಳಲ್ಲಿ ಹೆಪ್ಪುಗಟ್ಟಿದ ಪ್ರಕರಣಗಳು ವರದಿಯಾದವು.

ನಾಲ್ಕನೆಯದರಲ್ಲಿ ಎಲ್ಲೂ ಹೆಪ್ಪೇ ಇರುವುದಿಲ್ಲ. ಹೃದಯ ಸೋತಾಗ, ತೀವ್ರ ಸೋಂಕಿನಲ್ಲಿ, ಡಯಾಲಿಸಿಸ್‌ನಲ್ಲಿ ರಕ್ತದೊತ್ತಡ ಕುಸಿದಾಗ ದೇಹ ಮಿದುಳು ಹೃದಯಗಳನ್ನು ಕಾಪಾಡಲು ಕರುಳಿನ ನಾಳಗಳನ್ನು ಬಿಗಿಹಿಡಿಯುತ್ತದೆ. ಐಸಿಯುನಲ್ಲಿ ಒತ್ತಡ ಏರಿಸಲು ಕೊಡುವ ಔಷಧಿಗಳೂ ಇದನ್ನು ಹೆಚ್ಚಿಸಬಲ್ಲವು. ಇಂಥ ರೋಗಿ ಹೆಚ್ಚಾಗಿ ವೆಂಟಿಲೇಟರ್ ಮೇಲಿರುತ್ತಾರೆ, ನೋವು ಎಂದು ಹೇಳುವ ಸ್ಥಿತಿಯಲ್ಲೇ ಇರುವುದಿಲ್ಲ. ಹೊಟ್ಟೆ ಉಬ್ಬಿತು, ನಳಿಕೆಯಲ್ಲಿ ಕೊಟ್ಟ ಆಹಾರ ಒಳಗೆ ಹೋಗುತ್ತಿಲ್ಲ ಎಂಬಷ್ಟರಿಂದಲೇ ಅನುಮಾನಿಸಬೇಕು.

ಯಾವ ಪರೀಕ್ಷೆ, ಯಾವಾಗ

ಕರುಳಿನ ರಕ್ತಕೊರತೆಯನ್ನು ಮೊದಲ ಗಂಟೆಗಳಲ್ಲಿ ಹಿಡಿದುಕೊಡುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಲ್ಯಾಕ್ಟೇಟ್ ಏರಿದರೆ ಅಪಾಯ ಹೆಚ್ಚೆಂದು ಗೊತ್ತಾಗುತ್ತದೆ, ಆದರೆ ಅದು ಏರುವ ಹೊತ್ತಿಗೆ ಕರುಳು ಸಾಯತೊಡಗಿರಬಹುದು. ಮೊದಲಿಗೆ ಅದು ಸಹಜವಾಗಿಯೇ ಇರಬಹುದು. ಡಿ-ಡೈಮರ್ ಹಲವು ಕಾಯಿಲೆಗಳಲ್ಲಿ ಏರುವುದರಿಂದ ಅದೊಂದೇ ಸಾಲದು. ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೆ ಗಾಳಿ ಕಂಡರೆ ರೋಗ ತೀರಾ ಮುಂದುವರಿದಿದೆ ಎಂದೇ ಅರ್ಥ. ಅಲ್ಟ್ರಾಸೌಂಡಿಗೆ ಉಬ್ಬಿದ ಕರುಳಿನ ಗಾಳಿಯೇ ಅಡ್ಡ. ಹೀಗಾಗಿ ಈ ಯಾವ ವರದಿಯೂ ಸಹಜವಾಗಿದೆಯೆಂಬ ಕಾರಣಕ್ಕೆ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ.

ಉತ್ತರ ಕೊಡುವುದು ಸಿ.ಟಿ. ಆಂಜಿಯೋಗ್ರಫಿ. ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಕೊಟ್ಟು, ಅದು ಅಪಧಮನಿಗಳಲ್ಲಿರುವಾಗ ಒಮ್ಮೆ, ಅಭಿಧಮನಿಗಳಿಗೆ ಬಂದಾಗ ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಯಂತ್ರದೊಳಗೆ ಇರಬೇಕಾದದ್ದು ಕೆಲವೇ ನಿಮಿಷ. ಹೆಪ್ಪು ಎಲ್ಲಿದೆ, ಎಷ್ಟು ಉದ್ದವಿದೆ, ಕರುಳಿನ ಯಾವ ಭಾಗಕ್ಕೆ ರಕ್ತ ಸಿಗುತ್ತಿಲ್ಲ ಎಂಬುದೆಲ್ಲ ಗೊತ್ತಾಗುತ್ತದೆ. ನೂರಕ್ಕೆ 90ಕ್ಕೂ ಹೆಚ್ಚು ಪ್ರಕರಣಗಳನ್ನು ಇದು ಸರಿಯಾಗಿ ಗುರುತಿಸುತ್ತದೆ. ಹೊಟ್ಟೆಯ ಸಿ.ಟಿ.ಗೆ ವಾಡಿಕೆಯಂತೆ ಕುಡಿಸುವ ದ್ರವ ಇಲ್ಲಿ ಬೇಡ. ಅದು ಗಂಟೆಗಟ್ಟಲೆ ಕಾಲ ತಿನ್ನುತ್ತದೆ, ನಾಳಗಳನ್ನು ಮರೆಮಾಡುತ್ತದೆ.

ಇಲ್ಲೇ ಎರಡು ಕಡೆ ಹೊತ್ತು ಜಾರುತ್ತದೆ. ಕ್ರಿಯೇಟಿನಿನ್ ಹೆಚ್ಚಿದೆ, ಕಾಂಟ್ರಾಸ್ಟ್ ಕೊಟ್ಟರೆ ಕಿಡ್ನಿಗೆ ಪೆಟ್ಟು ಎಂದು ಕಾಂಟ್ರಾಸ್ಟ್ ಇಲ್ಲದೆ ಸಿ.ಟಿ. ಮಾಡುವುದು ಒಂದು. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ನಾಳದೊಳಗಿನ ಹೆಪ್ಪನ್ನು ಹಿಡಿಯುವುದು ಕಷ್ಟ. ಕಿಡ್ನಿಗೆ ಆಗಬಹುದಾದ ತೊಂದರೆಗಿಂತ ತಪ್ಪಿಹೋದ ರೋಗನಿರ್ಣಯ ಬಹಳ ದುಬಾರಿ, ಆದ್ದರಿಂದ ಕ್ರಿಯೇಟಿನಿನ್ ಏರಿದ್ದರೂ ಮಾಡಲೇಬೇಕು ಎಂಬುದು ಮಾರ್ಗಸೂಚಿಯ ನಿಲುವು. ಎರಡನೆಯದು ಕೋರಿಕೆ ಚೀಟಿ. 'ಹೊಟ್ಟೆನೋವು' ಎಂದಷ್ಟೇ ಬರೆದರೆ ರೇಡಿಯಾಲಜಿಸ್ಟ್ ಕಲ್ಲು, ಅಪೆಂಡಿಕ್ಸ್, ಮೇದೋಜೀರಕ ಹುಡುಕುತ್ತಾರೆ. 'ಕರುಳಿನ ರಕ್ತಕೊರತೆಯ ಅನುಮಾನ' ಎಂದು ಬರೆದಾಗ ಚಿತ್ರ ತೆಗೆಯುವ ಕ್ರಮವೂ ಬದಲಾಗುತ್ತದೆ, ನೋಡುವ ಕಣ್ಣೂ ಬದಲಾಗುತ್ತದೆ.

ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಎಂಬ ಹಳೆಯ ಭಯ ಬೇಡ. ನೋವು ಶಮನ ಮಾಡುವುದು ವೈದ್ಯರ ಕರ್ತವ್ಯ. ಬಲವಾದ ಇಂಜೆಕ್ಷನ್ನಿಗೂ ಬಗ್ಗದ ನೋವು ತಾನೇ ಒಂದು ಸುಳಿವು. ಅದರ ಜೊತೆಗೆ ವಾಂತಿ ಭೇದಿ, ಮತ್ತು ತಾಳತಪ್ಪಿದ ನಾಡಿ ಸೇರಿದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಬೇರೆ ಸಾಕ್ಷಿ ಬೇಕಿಲ್ಲ.

ಕೈಚೆಲ್ಲಿದ ಕಾಲದಿಂದ ಇಲ್ಲಿಯವರೆಗೆ

ಕರುಳಿನ ನಾಳ ಮುಚ್ಚುವ ಸಂಗತಿಯನ್ನು ಶವಪರೀಕ್ಷೆಯ ಮೇಜಿನ ಮೇಲೆ ಯುರೋಪಿನ ವೈದ್ಯರು ಹತ್ತೊಂಬತ್ತನೇ ಶತಮಾನದ ನಡುವೆಯೇ ವಿವರಿಸಿದ್ದರು. ಜರ್ಮನಿಯ ರುಡಾಲ್ಫ್ ವಿರ್ಖೋ ಅವರಲ್ಲಿ ಪ್ರಮುಖರು. 1895ರಲ್ಲಿ ಬೋಸ್ಟನ್ನಿನ ಸರ್ಜನ್ ಜೆ. ಡಬ್ಲ್ಯು. ಎಲಿಯಟ್ ಸತ್ತ ಕರುಳಿನ ಭಾಗವನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸಿದ್ದನ್ನು ವರದಿ ಮಾಡಿದರು. ಆದರೂ 1926ರಲ್ಲಿ ಈ ಕಾಯಿಲೆಯ ಬಗ್ಗೆ ಇಡೀ ಪುಸ್ತಕ ಬರೆದ ಬ್ರಿಟನ್ನಿನ ಕೊಕಿನಿಸ್, ಗುರುತಿಸಲಾಗದ, ಆಸೆಯಿಡಲಾಗದ, ಚಿಕಿತ್ಸೆಯಿಂದ ಫಲವಿಲ್ಲದ ಕಾಯಿಲೆಯೆಂದು ವೈದ್ಯಲೋಕ ಇದನ್ನು ಕೈಬಿಟ್ಟಿದೆ ಎಂಬ ಅರ್ಥದ ಮಾತು ಬರೆಯಬೇಕಾಯಿತು.

ಕರುಳು ಕತ್ತರಿಸುವುದಕ್ಕಿಂತ ಮೊದಲು ನಾಳ ತೆರೆಯಬೇಕೆಂಬ ಯೋಚನೆ ಬಂದದ್ದು ಬಹಳ ತಡವಾಗಿ. ಕೆನಡಾದ ಕ್ಲಾಸ್ ಎಂಬ ಸರ್ಜನ್ 1951ರಲ್ಲಿ ಅಪಧಮನಿ ಸೀಳಿ ಹೆಪ್ಪು ತೆಗೆದದ್ದನ್ನು ಪ್ರಕಟಿಸಿದರು. ಅವರ ರೋಗಿ ಹೃದಯದ ಕಾರಣದಿಂದ ತೀರಿಕೊಂಡರು, ಕರುಳು ಮಾತ್ರ ಜೀವ ಪಡೆದಿತ್ತು. 1957ರಲ್ಲಿ ಅಮೆರಿಕದ ಶಾ ಮತ್ತು ರಟ್ಲೆಜ್ ಹೀಗೆ ಹೆಪ್ಪು ತೆಗೆದು ರೋಗಿಯನ್ನೇ ಉಳಿಸಿದ ವರದಿ ಕೊಟ್ಟರು. ಆಮೇಲೆ ಬಂದದ್ದು ಥಾಮಸ್ ಫೋಗಾರ್ಟಿಯ ಬಲೂನ್ ಕ್ಯಾತಿಟರ್. ವಿದ್ಯಾರ್ಥಿಯಾಗಿದ್ದಾಗಲೇ ಆತ ಸರ್ಜನ್‌ಗಳ ರಬ್ಬರ್ ಕೈಗವಸಿನ ಬೆರಳಿನ ತುದಿಯನ್ನು ಕತ್ತರಿಸಿ, ಮೀನು ಹಿಡಿಯುವ ಹವ್ಯಾಸದಲ್ಲಿ ಕಲಿತ ಗಂಟು ಹಾಕಿ ಸಣ್ಣ ನಳಿಕೆಗೆ ಕಟ್ಟಿದ್ದರು. ಹೆಪ್ಪನ್ನು ದಾಟಿಸಿ ಒಳಕ್ಕೆ ತೂರಿಸಿ, ಬಲೂನ್ ಉಬ್ಬಿಸಿ, ಮೆಲ್ಲಗೆ ಹಿಂದಕ್ಕೆಳೆದರೆ ಹೆಪ್ಪು ಹೊರಗೆ. 1963ರಲ್ಲಿ ಪ್ರಕಟವಾದ ಆ ಉಪಾಯ ಇಂದಿಗೂ ಜಗತ್ತಿನಾದ್ಯಂತ ಆಪರೇಷನ್ ಥಿಯೇಟರ್‌ಗಳಲ್ಲಿ ಬಳಕೆಯಲ್ಲಿದೆ.

ಮನೋಭಾವವನ್ನೇ ಬದಲಿಸಿದವರು ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯ ಸ್ಕಾಟ್ ಬೋಲಿ ಮತ್ತು ಸಂಗಡಿಗರು. ಹೊಟ್ಟೆ ಗಟ್ಟಿಯಾಗುವವರೆಗೆ ಕಾಯುವುದು ಬೇಡ, ಅನುಮಾನ ಬಂದ ತಕ್ಷಣ ಆಂಜಿಯೋಗ್ರಾಂ ಮಾಡಿ, ಸೆಳೆತ ಹಿಡಿದ ನಾಳಕ್ಕೆ ಅದನ್ನು ಸಡಿಲಿಸುವ ಪಪಾವರಿನ್ ಔಷಧಿಯನ್ನು ನೇರವಾಗಿ ಹರಿಸಿ ಎಂಬುದು ಅವರ ಕ್ರಮ. 1977ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಬದುಕಿದ್ದರು. ಬಹುಪಾಲು ರೋಗಿಗಳನ್ನು ಕಳೆದುಕೊಳ್ಳುವುದೇ ರೂಢಿಯಾಗಿದ್ದ ಕಾಲ ಅದು. ಬೇಗ ಹುಡುಕಿದವರಿಗೆ ಮಾತ್ರ ಈ ಕಾಯಿಲೆ ಮಣಿಯುತ್ತದೆ ಎಂಬುದು ಅಂದಿಗೇ ತಿಳಿದುಹೋಯಿತು.

ಚಿಕಿತ್ಸೆಯ ಗಂಟೆಗಳು

ಅನುಮಾನ ಗಟ್ಟಿಯಾದೊಡನೆ ಕೆಲಸ ಶುರುವಾಗುತ್ತದೆ, ಸಿ.ಟಿ. ವರದಿಯ ಕಾಗದ ಕೈಗೆ ಬರುವವರೆಗೆ ಕಾಯುವಂತಿಲ್ಲ. ಡ್ರಿಪ್ ಮೂಲಕ ದ್ರವ, ಆಮ್ಲಜನಕ, ವಿಶಾಲ ವ್ಯಾಪ್ತಿಯ ಆ್ಯಂಟಿಬಯಾಟಿಕ್, ಮೂಗಿನಿಂದ ಜಠರಕ್ಕೆ ನಳಿಕೆ. ರಕ್ತಸ್ರಾವದ ಅಪಾಯವಿಲ್ಲದಿದ್ದರೆ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್. ರಕ್ತದೊತ್ತಡ ಏರಿಸುವ ಔಷಧಿ ಬೇಕೇಬೇಕಾದರೆ ಕರುಳಿನ ನಾಳಗಳನ್ನು ಕಡಿಮೆ ಬಿಗಿಹಿಡಿಯುವಂಥದ್ದನ್ನು ಆರಿಸುತ್ತಾರೆ. ಇವುಗಳಲ್ಲಿ ಬಹುಪಾಲು ತಾಲ್ಲೂಕು ಮಟ್ಟದಲ್ಲೂ ಸಾಧ್ಯ.

ಆಮೇಲಿನ ದಾರಿಯನ್ನು ಹೊಟ್ಟೆಯೇ ಹೇಳುತ್ತದೆ. ಹೊಟ್ಟೆ ಇನ್ನೂ ಮೆತ್ತಗಿದ್ದು ಕರುಳು ಸತ್ತಿರುವ ಲಕ್ಷಣ ಇಲ್ಲದಿದ್ದರೆ ತೊಡೆಯ ಅಥವಾ ತೋಳಿನ ನಾಳದಿಂದ ತಂತಿ ತೂರಿಸಿ ಹೆಪ್ಪನ್ನು ಹೀರಿ ತೆಗೆಯಬಹುದು, ಕರಗಿಸುವ ಔಷಧಿ ಹರಿಸಬಹುದು, ಕಿರಿದಾದಲ್ಲಿ ಸ್ಟೆಂಟ್ ಹಾಕಬಹುದು. ಹೊಟ್ಟೆ ಗಟ್ಟಿಯಾಗಿದ್ದರೆ ತಡಮಾಡದೆ ತೆರೆಯಲೇಬೇಕು. ತೆರೆದ ಮೇಲೂ ಕ್ರಮವಿದೆ: ಮೊದಲು ನಾಳ, ನಂತರ ಕರುಳು. ಅಪಧಮನಿಯನ್ನು ಅಡ್ಡಲಾಗಿ ಚಿಕ್ಕದಾಗಿ ಸೀಳಿ ಫೋಗಾರ್ಟಿ ಬಲೂನಿನಿಂದ ಹೆಪ್ಪು ತೆಗೆಯುತ್ತಾರೆ. ಕೊಬ್ಬು ಕಟ್ಟಿದ ನಾಳವಾದರೆ ಬೈಪಾಸ್ ಹೊಲಿಯುತ್ತಾರೆ, ಇಲ್ಲವೇ ತೆರೆದ ಹೊಟ್ಟೆಯ ಮೂಲಕವೇ ನಾಳದ ಬುಡಕ್ಕೆ ಹಿಮ್ಮುಖವಾಗಿ ಸ್ಟೆಂಟ್ ಏರಿಸುತ್ತಾರೆ. ರಕ್ತ ಹರಿದ ಮೇಲೆ ಅರ್ಧ ಗಂಟೆಯಷ್ಟು ಸುಮ್ಮನೆ ಕಾಯಬೇಕು. ಬೂದಿಬಣ್ಣಕ್ಕೆ ತಿರುಗಿದ್ದ ಕರುಳಿಗೆ ಕೆಂಪು ಮರಳುತ್ತದೆಯೇ, ಅದು ಮಿಸುಕುತ್ತದೆಯೇ, ಅಂಚಿನ ನಾಳಗಳು ಮಿಡಿಯುತ್ತವೆಯೇ ಎಂದು ನೋಡಬೇಕು. ನಾಳ ತೆರೆಯದೆ ಕತ್ತರಿಸಲು ಹೊರಟರೆ ಬದುಕಬಹುದಾಗಿದ್ದ ಕರುಳೂ ಹೋಗುತ್ತದೆ.

ಖಚಿತವಾಗಿ ಸತ್ತದ್ದನ್ನಷ್ಟೇ ತೆಗೆಯುತ್ತಾರೆ. ಅನುಮಾನವಿದ್ದುದನ್ನು ಬಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, ರೋಗಿಯನ್ನು ಐಸಿಯುನಲ್ಲಿ ಸುಧಾರಿಸಿ, 24ರಿಂದ 48 ಗಂಟೆಯೊಳಗೆ ಮತ್ತೆ ನೋಡುತ್ತಾರೆ. ಎರಡನೇ ಸಲ ಥಿಯೇಟರಿಗೆ ಒಯ್ಯುತ್ತೇವೆ ಎಂದಾಗ ಮನೆಯವರಿಗೆ ದಿಗಿಲಾಗುವುದು ಸಹಜ. ಮೊದಲ ಆಪರೇಷನ್ ಕೆಟ್ಟಿತು ಎಂದು ತಿಳಿಯುತ್ತಾರೆ. ಇದು ಮೊದಲೇ ಯೋಜಿಸಿದ ಭೇಟಿ ಎಂದು ಅವರಿಗೆ ಮುಂಚೆಯೇ ತಿಳಿಸಿ ಹೇಳಬೇಕು. ಅಭಿಧಮನಿಯ ಹೆಪ್ಪಿನಲ್ಲಾದರೆ ಬಹಳಷ್ಟು ಜನರಿಗೆ ಕತ್ತರಿಯೇ ಬೇಕಾಗುವುದಿಲ್ಲ, ಹೆಪಾರಿನ್ ಸಾಕಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ಜೀವನಪೂರ್ತಿ, ರಕ್ತ ತೆಳು ಮಾಡುವ ಮಾತ್ರೆ.

ಕೆಲವೊಮ್ಮೆ ಹೊಟ್ಟೆ ತೆರೆದಾಗ ಸಣ್ಣಕರುಳು ಪೂರ್ತಿ ಕಪ್ಪಾಗಿರುತ್ತದೆ. ಎಲ್ಲವನ್ನೂ ತೆಗೆದರೆ ಬಾಯಿಂದ ಉಂಡು ಬದುಕುವುದು ಸಾಧ್ಯವಿಲ್ಲ. ಎರಡು ಮೀಟರಿಗಿಂತ ಕಡಿಮೆ ಉಳಿದರೆ ಪೋಷಕಾಂಶ ಹೀರುವುದು ಕಷ್ಟವಾಗುತ್ತದೆ. ತೀರಾ ಕಡಿಮೆ ಉಳಿದವರಿಗೆ ಪ್ರತಿದಿನ ರಕ್ತನಾಳದ ಮೂಲಕವೇ ಆಹಾರ ಕೊಡಬೇಕು. ಮನೆಯಲ್ಲಿಟ್ಟು ಇದನ್ನು ನಡೆಸುವ ವ್ಯವಸ್ಥೆ ನಮ್ಮಲ್ಲಿ ವಿರಳ, ಖರ್ಚು ಅಪಾರ. ಕರುಳಿನ ಕಸಿ ಭಾರತದಲ್ಲಿ ಬೆರಳೆಣಿಕೆಯ ಕೇಂದ್ರಗಳಲ್ಲಷ್ಟೇ ನಡೆಯುತ್ತದೆ. ಹಣ್ಣಾದ ವಯಸ್ಸು, ಸೋತ ಹೃದಯ, ಪೂರ್ತಿ ಸತ್ತ ಕರುಳು ಒಟ್ಟಿಗೆ ಬಂದಾಗ ಮತ್ತೆ ಹೊಟ್ಟೆ ಹೊಲಿದು, ನೋವಿಲ್ಲದಂತೆ ನೋಡಿಕೊಂಡು, ಮನೆಯವರು ಹತ್ತಿರವಿರುವಂತೆ ಮಾಡುವುದೂ ಸರಿಯಾದ ವೈದ್ಯಕೀಯವೇ. ಆ ಮಾತನ್ನು ಥಿಯೇಟರಿನ ಬಾಗಿಲಲ್ಲಿ ನಿಂತು ಎರಡು ವಾಕ್ಯದಲ್ಲಿ ಮುಗಿಸದೆ, ಕೂರಿಸಿಕೊಂಡು ವಿವರಿಸುವ ಸರ್ಜನ್ ಆ ಕುಟುಂಬಕ್ಕೆ ದೊಡ್ಡ ಉಪಕಾರ ಮಾಡುತ್ತಾರೆ.

ಹೃದಯಕ್ಕೆ ಸಾಧ್ಯವಾದದ್ದು ಕರುಳಿಗೂ

ಪ್ಯಾರಿಸ್ಸಿನ ಪಕ್ಕದ ಕ್ಲಿಶಿಯಲ್ಲಿರುವ ಬೋಜೋನ್ ಆಸ್ಪತ್ರೆ ಈ ಕಾಯಿಲೆಗೆಂದೇ ಪ್ರತ್ಯೇಕ ತುರ್ತು ಘಟಕ ಕಟ್ಟಿತು. ಜಠರಕರುಳು ತಜ್ಞರು, ರಕ್ತನಾಳ ಸರ್ಜನ್, ರೇಡಿಯಾಲಜಿಸ್ಟ್, ಹೊಟ್ಟೆಯ ಸರ್ಜನ್, ಐಸಿಯು ವೈದ್ಯರು ಹಗಲಿರುಳು ಒಂದೇ ತಂಡವಾಗಿ ಸಿಗುವಂತೆ, ಬೇರೆ ಆಸ್ಪತ್ರೆಗಳು ರೋಗಿಯನ್ನು ನೇರವಾಗಿ ಅಲ್ಲಿಗೆ ಕಳಿಸುವಂತೆ ಮಾಡಿದ ಏರ್ಪಾಡು ಅದು. 2013ರಲ್ಲಿ ಅವರು ಪ್ರಕಟಿಸಿದ ಮೊದಲ ಚಿಕ್ಕ ತಂಡದ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ತಿಂಗಳ ನಂತರವೂ ಬದುಕಿದ್ದರು. ತಂಡ ಚಿಕ್ಕದಾಗಿತ್ತು ನಿಜ, ಬಹುಪಾಲು ಪೂರ್ತಿ ಕರುಳು ಸಾಯುವ ಮುನ್ನವೇ ಬಂದವರು ಎಂಬುದೂ ನಿಜ. ಬೇಗ ಬಂದರೆ, ತಂಡ ಸಿದ್ಧವಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಪುರಾವೆ.

ಅಂಥ ಘಟಕ ನಮ್ಮ ಪ್ರತಿ ಜಿಲ್ಲೆಗೂ ಬರಲಿ ಎಂದು ಕೇಳುವುದು ಅತಿಯಾದೀತು. ಆದರೆ ಅದರ ಹಿಂದಿನ ಉಪಾಯ ಕರ್ನಾಟಕಕ್ಕೆ ಹೊಸದಲ್ಲ. 2024ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲಾಗುತ್ತದೆ. ಅದೇ ಎಳೆಯನ್ನು ಕರುಳಿಗೂ ಚಾಚಬಹುದು. ತೀವ್ರ ಹೊಟ್ಟೆನೋವಿನ ಪ್ರತಿ ರೋಗಿಯ ನಾಡಿ ನೋಡಿ ಇಸಿಜಿ ತೆಗೆಯುವುದು, ತಾಳ ತಪ್ಪಿದ್ದರೆ ಕಾಂಟ್ರಾಸ್ಟ್ ಸಿ.ಟಿ. ಇರುವ ಊರಿಗೆ ನೇರ ಕಳಿಸುವುದು, ಹೊರಡುವ ಮುನ್ನ ಆ ಆಸ್ಪತ್ರೆಯ ಸರ್ಜನ್‌ಗೂ ರೇಡಿಯಾಲಜಿಸ್ಟ್‌ಗೂ ಫೋನ್ ಮಾಡುವುದು, ದಾರಿಯಲ್ಲೇ ಹೆಪಾರಿನ್ ನಡೆಯುವುದು. ಇದಕ್ಕೆ ಬೇಕಾದ್ದು ಒಂದು ಪುಟದ ಕ್ರಮಸೂಚಿ ಮತ್ತು ಅದನ್ನು ಕಲಿಸುವ ಮನಸ್ಸು. ಬೀದರಿನಿಂದಲೋ ಚಾಮರಾಜನಗರದ ಕಾಡಂಚಿನ ಹಾಡಿಯಿಂದಲೋ ಹೊರಟ ರೋಗಿ ಮೂರು ಆಸ್ಪತ್ರೆಗಳ ಕ್ಯಾಶುಯಾಲ್ಟಿ ಸುತ್ತಿ ನಾಲ್ಕನೆಯದರಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಳ್ಳುವ ಹೊತ್ತಿಗೆ ಹನ್ನೆರಡು ಗಂಟೆ ಎಂದೋ ಮುಗಿದಿರುತ್ತದೆ.

ಮನೆಯವರ ಪಾಲೂ ಇದರಲ್ಲಿ ದೊಡ್ಡದು. ಹೃದಯದ ತೊಂದರೆ, ಹಿಂದಿನ ಪಾರ್ಶ್ವವಾಯು, ಕವಾಟದ ಆಪರೇಷನ್ ಆದವರ ಮನೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆಯ ಹೆಸರು, ಕೊನೆಯ ಐಎನ್‌ಆರ್ ಬರೆದ ಚೀಟಿ ಕೈಗೆ ಸಿಗುವಲ್ಲಿರಲಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಇಂಥವರಿಗೆ ಇದ್ದಕ್ಕಿದ್ದಂತೆ ತಡೆಯಲಾರದ ಹೊಟ್ಟೆನೋವು ಬಂದರೆ ಓಮದ ನೀರು, ಇಂಗು, ಸೋಡಾ ಎಂದು ಬೆಳಗಿನವರೆಗೆ ಕಾಯುವುದು ಬೇಡ. ರಾತ್ರಿಯಾದರೂ 108 ಕರೆಯಿರಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ಹೃದಯದ ಕಾಯಿಲೆಯ ವಿಷಯ ಹೇಳಿ, ಯಾವಾಗಿನಿಂದ ಮಾತ್ರೆ ತಪ್ಪಿದೆ ಎಂಬುದನ್ನು ಮುಚ್ಚಿಡದೆ ಹೇಳಿ. 'ಗ್ಯಾಸ್ ಇರಬೇಕು' ಎಂಬ ಉತ್ತರ ಬಂದು ನೋವು ಹಾಗೆಯೇ ಇದ್ದರೆ, ಕರುಳಿನ ರಕ್ತನಾಳ ನೋಡಿದಿರಾ ಎಂದು ಕೇಳಿ. ಇದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ರಾತ್ರಿ ಪಾಳಿಯಲ್ಲಿ ಐವತ್ತು ರೋಗಿಗಳ ನಡುವೆ ನಿಂತ ಯುವ ವೈದ್ಯರಿಗೆ ಸಾವಿರದಲ್ಲೊಂದು ಕಾಯಿಲೆಯನ್ನು ನೆನಪಿಸುವ ಸಹಾಯ.

ಈ ಕಾಯಿಲೆಯಲ್ಲಿ ಸಾವು ಬದುಕಿನ ತೀರ್ಮಾನ ಬಹುಪಾಲು ಆಗಿಹೋಗುವುದು ಸರ್ಜನ್ ಕೈಗವಸು ತೊಡುವ ಮುನ್ನವೇ. ಹೆಪ್ಪು ತೆಗೆಯುವ ಬಲೂನು ಅರವತ್ತು ವರ್ಷದಿಂದ ನಮ್ಮ ಬಳಿ ಇದೆ, ಹೆಪಾರಿನ್ ಇದೆ, ಸಿ.ಟಿ. ಯಂತ್ರ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಕೊರತೆ ಇರುವುದು ಮೊದಲ ಆರು ಗಂಟೆಯಲ್ಲಿ ಬರಬೇಕಾದ ಒಂದು ಅನುಮಾನದ್ದು. ಅದನ್ನು ಪ್ರತಿ ಕ್ಯಾಶುಯಾಲ್ಟಿಯ ವೈದ್ಯರಿಗೆ, ನರ್ಸ್‌ಗೆ, ಹೃದ್ರೋಗಿಯಿರುವ ಪ್ರತಿ ಮನೆಗೆ ಕಲಿಸುವುದು ನಮ್ಮ ಶಕ್ತಿಗೆ ಮೀರಿದ ಕೆಲಸವಲ್ಲ, ಮುಂದೂಡಬಹುದಾದ ಕೆಲಸವೂ ಅಲ್ಲ.